ಗಾಡಿ ಬಿಸಿಯಾಗುವವರೆಗೆ

ನಾನು ಕೆನಡಾ ದೇಶಕ್ಕೆ ಹೋಗಿ ಮೂರು ತಿಂಗಳು ಇದ್ದು ಬಂದವನೆಂಬ ಸಂಗತಿ ನಮ್ಮ ಕಾಲೇಜಿನಲ್ಲಿ ಹೇಗೋ ಹಬ್ಬಿಬಿಟ್ಟಿದೆ. ಕಂಡವರೆಲ್ಲ ಮೊದಲು ಕೇಳುವುದು ನಯಾಗರ ಜಲಪಾತದ ವಿಷಯವನ್ನೇ. ನೋಡಲಿಲ್ಲವೆಂದರೆ ಅವರ ಮುಖ ಸಪ್ಪಗಾಗುತ್ತದೆ. ಕಾಶಿಗೆ ಹೋಗಿ ಗಂಗೆಯಲ್ಲಿ ಮೀಯದೆ ಬಂದವನನ್ನು ನೋಡುವಂತೆ ನನ್ನನ್ನು ನೋಡುತ್ತಾರೆ. ನಾನಿದ್ದ ಎಡ್ಮಂಟನ್ ನಗರದಿಂದ ನಯಾಗರಕ್ಕೆ ಹೋಗುವುದೆಂದರೆ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೊರಟ ಹಾಗೆ ಎಂದು ವಿವರಿಸಿದರೂ ಅವರಿಗೆ ಸಮಾಧಾನವಿಲ್ಲ. "ಹಾಗಾದರೆ ಮತ್ತೇನು ನೋಡಿದೆ?" ಎನ್ನುತ್ತಾರೆ.

ಸತ್ಯವನ್ನೇ ಹೇಳಬೇಕೆಂದರೆ, ನಾನು ಅಲ್ಲಿ ಮನಸ್ಸಿಟ್ಟು ನೋಡಿದ್ದು ಒಂದು ಹಳೆಯ ಡೀಸೆಲ್ ಟ್ರಕ್ಕನ್ನು. ಅದೂ ಓಡುವ ಟ್ರಕ್ಕನ್ನಲ್ಲ, ನಿಂತ ಟ್ರಕ್ಕನ್ನು. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಕನ್ನಡ ಅಧ್ಯಾಪಕರು ಕೇಳಿದಾಗ ಸಂಕೋಚದಿಂದಲೇ ಈ ವಿಷಯವನ್ನು ಹೇಳಿದೆ. "ಅದನ್ನೇ ಬರಿ" ಎಂದರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಯಂತ್ರಶಾಸ್ತ್ರವನ್ನು ನಾನು ಓದಿದವನಲ್ಲ. ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿ. ಬಲ್ಲವರು ತಪ್ಪು ಕಂಡರೆ ಮನ್ನಿಸಬೇಕು.

ನಾನು ಅಲ್ಲಿಗೆ ಹೋದದ್ದು ದೇಶ ನೋಡುವುದಕ್ಕಲ್ಲ, ಅಕ್ಕನ ಬಾಣಂತನಕ್ಕೆ. ಬಾಣಂತನ ಮಾಡಬೇಕಾದವರು ನಮ್ಮ ತಾಯಿ. ಆದರೆ ನಮ್ಮ ತಾಯಿಗೆ ಕನ್ನಡವೊಂದು ಬಿಟ್ಟರೆ ಬೇರೆ ಭಾಷೆ ಬಾರದು; ಅರಸೀಕೆರೆ ತಾಲ್ಲೂಕನ್ನು ಬಿಟ್ಟು ಅವರು ನೋಡಿದ ದೂರದ ಊರೆಂದರೆ ಧರ್ಮಸ್ಥಳ. ತಂದೆಯವರು ರಾಗಿ ಒಕ್ಕಣೆಯ ಕಾಲದಲ್ಲಿ ಕಣ ಬಿಟ್ಟು ಬರುವ ಹಾಗಿರಲಿಲ್ಲ. ಹೀಗಾಗಿ ದ್ವಿಭಾಷಿಯ ಕೆಲಸಕ್ಕೆ ನಾನು ನೇಮಕವಾದೆ. ೨೦೨೩ರ ಡಿಸೆಂಬರ್ ಮೊದಲ ವಾರದಲ್ಲಿ, ಮೆಣಸಿನಪುಡಿ, ಬಾಣಂತಿ ಲೇಹ್ಯ, ಒಣಕೊಬ್ಬರಿ, ಹುರಿಹಿಟ್ಟುಗಳ ಗಂಟುಗಳೊಂದಿಗೆ ನಾವಿಬ್ಬರೂ ಆ ಊರಿನಲ್ಲಿ ಇಳಿದೆವು.

ಇಲ್ಲಿ ಒಂದು ಮನೆಯ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನನ್ನ ಅಕ್ಕ ದಾದಿಯ ಕೆಲಸದ ಮೇಲೆ ಆ ದೇಶಕ್ಕೆ ಹೋದವಳು. ೨೦೧೯ರಲ್ಲಿ ಅಲ್ಲಿಯೇ ಒಬ್ಬ ಪಂಜಾಬಿನವರನ್ನು, ಲಾರಿ ಓಡಿಸುವ ಸರದಾರ್ಜಿಯವರನ್ನು, ಮದುವೆಯಾದಳು. ನಮಗೆ ತಿಳಿಸಿದ್ದು ಆಮೇಲೆ. ತಂದೆಯವರು ಎರಡು ತಿಂಗಳು ಮುಖ ಊದಿಸಿಕೊಂಡಿದ್ದು ಕಡೆಗೆ ಸಮಾಧಾನವಾದರು. ತಾಯಿ ಆಗಲಿಲ್ಲ. ಮಗಳೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು, ಆದರೆ ಅಳಿಯ ಫೋನು ಹಿಡಿದರೆ ಒಲೆಯ ಮೇಲೆ ಹಾಲಿದೆಯೆಂದು ಎದ್ದು ಹೋಗುತ್ತಿದ್ದರು. ನಾಲ್ಕು ವರ್ಷ ನಮ್ಮ ಮನೆಯ ಒಲೆಯ ಮೇಲೆ ಹಾಲು ಉಕ್ಕುತ್ತಲೇ ಇತ್ತು. ಅವರನ್ನು ಕುರಿತು ಮಾತಾಡಲೇಬೇಕಾದಾಗ "ಆ ಹುಡುಗ" ಎನ್ನುತ್ತಿದ್ದರು. ಈಗ ಅದೇ ಹುಡುಗನ ಮನೆಯಲ್ಲಿ, ಅವನು ತಂದ ಅಕ್ಕಿಯಲ್ಲಿ ಅನ್ನ ಮಾಡುವ ಕಾಲ ಬಂದಿತ್ತು.

ಭಾವನವರು ಮೆಲುಮಾತಿನ ಮನುಷ್ಯ. ನಮಗಾಗಿ ನಾಲ್ಕಾರು ಕನ್ನಡ ಮಾತುಗಳನ್ನು ಕಲಿತಿಟ್ಟುಕೊಂಡಿದ್ದರು. "ಅಮ್ಮಾ, ಊಟ ಆಯ್ತಾ?" ಎನ್ನುವರು. ತಾಯಿ ಗೋಡೆಯ ಕಡೆ ನೋಡಿ ತಲೆಯಾಡಿಸುವರು. ಅಷ್ಟಕ್ಕೆ ಆ ದಿನದ ಸಂಭಾಷಣೆ ಮುಗಿಯುತ್ತಿತ್ತು.

ನಮ್ಮ ಕಡೆ ಧನುರ್ಮಾಸದಲ್ಲಿ ಉಷ್ಣಮಾನ ೧೪ ಡಿಗ್ರಿಗೆ ಇಳಿದರೆ ಕಂಬಳಿ ಹೊದ್ದು ಬಚ್ಚಲ ಒಲೆಯ ಮುಂದೆ ಕೂರುತ್ತೇವೆ. ಎಡ್ಮಂಟನ್ನಿನ ಚಳಿ ಇದೇ ಜಾತಿಯ ವಸ್ತುವಲ್ಲ. ಅಲ್ಲಿ ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಎಂಟೂಮುಕ್ಕಾಲಿಗೆ, ಮುಳುಗುವುದು ಸಂಜೆ ನಾಲ್ಕೂಕಾಲಿಗೆ. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿದರೆ ಅದು ಸಾಮಾನ್ಯ ದಿನ. ಮೈನಸ್ ನಲವತ್ತೆಂಬ ಒಂದು ಅಂಕೆಯುಂಟು. ಅಲ್ಲಿ ಸೆಂಟಿಗ್ರೇಡೂ ಫ್ಯಾರನ್‌ಹೀಟೂ ಒಂದೇ ಆಗಿಬಿಡುತ್ತವೆ. ಅಷ್ಟು ಚಳಿಯಲ್ಲಿ ಎಣಿಸುವವರ ಜಗಳವೂ ಹೆಪ್ಪುಗಟ್ಟುತ್ತದೆಯೋ ಏನೋ!

ಆ ಮನೆಗೆ ಗಾಡಿಖಾನೆ ಇರಲಿಲ್ಲ. ಭಾವನವರ ಟ್ರಕ್ಕು ಅಂಗಳದ ಹಿಮದಲ್ಲೇ ನಿಲ್ಲುತ್ತಿತ್ತು. ಟ್ರಕ್ಕೆಂದರೆ ನಮ್ಮ ಲಾರಿಯಷ್ಟು ದೊಡ್ಡದಲ್ಲ; ಮುಂದೆ ಎರಡು ಸಾಲು ಆಸನ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಕೂಲಿಗೆ ಓಡಿಸುವ ದೊಡ್ಡ ಲಾರಿ ಯಜಮಾನರದು; ಇದು ಸ್ವಂತದ್ದು, ಎರಡನೆಯ ಕೈಯಿಂದ ಕೊಂಡದ್ದು. ಪ್ರತಿದಿನ ಬೆಳಗ್ಗೆ ಆರಕ್ಕೆ, ನಡುರಾತ್ರಿಯಂತಹ ಕತ್ತಲಲ್ಲಿ, ಅವರು ಹೊರಗೆ ಹೋಗಿ ಅದನ್ನು ಚಾಲೂ ಮಾಡಿ ಅದರೊಳಗೆ ಹತ್ತು ಹದಿನೈದು ನಿಮಿಷ ಸುಮ್ಮನೆ ಕುಳಿತಿರುತ್ತಿದ್ದರು. ತಾಯಿ ಕಿಟಕಿಯ ಪರದೆ ಸರಿಸಿ ನೋಡುವರು. ಮೂರನೆಯ ದಿನ ನನ್ನನ್ನು ಕೇಳಿದರು: "ಅದ್ಯಾಕೋ ಆ ಹುಡುಗ ಕತ್ತಲಲ್ಲಿ ಹೋಗಿ ಕೂತ್ಕೋತಾನೆ? ನಾನು ಮನೇಲಿದೀನಿ ಅಂತಲಾ?"

ನನಗೂ ತಿಳಿಯದು. ಮರುದಿನ ಎರಡು ಕೋಟು, ಮೂರು ಜೊತೆ ಕಾಲುಚೀಲ ಏರಿಸಿಕೊಂಡು ಭಾವನವರ ಪಕ್ಕದಲ್ಲಿ ಹೋಗಿ ಕುಳಿತೆ. ಆಸನ ಹಲಗೆಯಂತೆ ಗಟ್ಟಿಯಾಗಿತ್ತು. ನಮ್ಮ ಉಸಿರು ಗಾಜಿನ ಒಳಮೈಗೆ ತಾಗಿ ಹಿಮವಾಗುತ್ತಿತ್ತು. ನನ್ನ ಪಾಠ ಅಲ್ಲಿಂದ ಆರಂಭವಾಯಿತು. ಗುರುಗಳು ಮುರುಕು ಇಂಗ್ಲಿಷಿನಲ್ಲಿ ಹೇಳಿದರು. ಶಿಷ್ಯ ಮುರುಕು ಇಂಗ್ಲಿಷಿನಲ್ಲಿ ಗ್ರಹಿಸಿದ.

ಪೆಟ್ರೋಲಿನ ಎಂಜಿನ್ನಿಗೆ ಕಿಡಿ ಹೊತ್ತಿಸುವ ಸಾಧನವಿದೆ. ೧೮೯೭ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಅದುಮಿದರೆ ಅದು ನೂರಾರು ಡಿಗ್ರಿ ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲ ಮುಟ್ಟಿ ಬಲ್ಲೆವು, ತತ್ವ ಅದೇ. ಆದರೆ ಒಳಗೆ ಹೋಗುವ ಗಾಳಿಯೇ ಮೈನಸ್ ಮೂವತ್ತಾಗಿದ್ದು, ಸುತ್ತಲ ಕಬ್ಬಿಣವೂ ಅಷ್ಟೇ ತಣ್ಣಗಿದ್ದರೆ, ಅದುಮಿ ಪಡೆದ ಬಿಸಿಯನ್ನೆಲ್ಲ ಕಬ್ಬಿಣವೇ ಕುಡಿದುಬಿಡುತ್ತದೆ. ಅದೇ ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಎಂಜಿನ್ನಿನ ಎಣ್ಣೆ ಹರಳೆಣ್ಣೆಗಿಂತ ಮಂದವಾಗುತ್ತದೆ, ಡೀಸೆಲ್ಲಿನಲ್ಲಿರುವ ಮೇಣದ ಅಂಶ ಹರಳುಗಟ್ಟಿ ಸೋಸುಕವನ್ನು ಕಟ್ಟಿಬಿಡುತ್ತದೆ. ಅದಕ್ಕಾಗಿಯೇ ಆ ನಾಡಿನಲ್ಲಿ ಚಳಿಗಾಲಕ್ಕೆ ಬೇರೆ ಹದದ ಡೀಸೆಲ್ ಮಾರುತ್ತಾರೆ.

ಇದಕ್ಕೆಲ್ಲ ಮೊದಲ ಉಪಾಯ ಒಂದು ತಂತಿ. ಅಲ್ಲಿಯ ಗಾಡಿಗಳ ಮೂತಿಯಿಂದ ವಿದ್ಯುತ್ತಿನ ಪ್ಲಗ್ಗೊಂದು ನಾಲಗೆಯಂತೆ ಜೋಲುತ್ತಿರುತ್ತದೆ. ಎಂಜಿನ್ನಿನ ಮೈಯೊಳಗೆ ನೀರು ಕಾಯಿಸುವ ಒಂದು ಚಿಕ್ಕ ಸುರುಳಿಯನ್ನು ಇಟ್ಟಿರುತ್ತಾರೆ. ಬ್ಲಾಕ್ ಹೀಟರೆಂದು ಅದರ ಹೆಸರು. ಮನೆಯ ಗೋಡೆಯ ವಿದ್ಯುತ್ತಿಗೆ ಅದನ್ನು ಸಿಕ್ಕಿಸಿದರೆ ಎಂಜಿನ್ನು ಬೆಚ್ಚಗಿರುತ್ತದೆ. ಹೊರಡುವ ಮೊದಲು ಮೂರು ನಾಲ್ಕು ಗಂಟೆ ಸಿಕ್ಕಿಸಿದರೆ ಸಾಕು.

"ಹಾಗಾದರೆ ಚಾಲೂ ಆದ ಕೂಡಲೇ ಹೊರಡಬಹುದಲ್ಲ, ಇಲ್ಲಿ ಕೂರುವುದೇಕೆ?" ಎಂದೆ.

"ಎಂಜಿನ್ನಿಗೆ ಹೀಟರಿದೆ. ಗೇರಿನ ಪೆಟ್ಟಿಗೆಗೆ ಇಲ್ಲ" ಎಂದರು ಭಾವ.

ಆ ಟ್ರಕ್ಕಿನಲ್ಲಿ ನಮ್ಮ ಲಾರಿಗಳಂತೆ ಕ್ಲಚ್ಚು ತುಳಿದು ಗೇರು ಹಾಕುವ ಏರ್ಪಾಡಿಲ್ಲ. ಗೇರು ತಾನಾಗಿಯೇ ಬದಲಾಗುತ್ತದೆ. ಇದು ಹೇಗೆಂಬುದನ್ನು ತಿಳಿಸಲು ಭಾವನವರು ಎರಡು ಫ್ಯಾನುಗಳ ದೃಷ್ಟಾಂತ ಕೊಟ್ಟರು. ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ಹಚ್ಚಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆಯೆಂದು ತಿಳಿಯಿರಿ. ಎಂಜಿನ್ನು ಒಂದು ಫ್ಯಾನನ್ನು ತಿರುಗಿಸುತ್ತದೆ. ಎಣ್ಣೆಯ ಹೊಡೆತಕ್ಕೆ ಎದುರಿನದು ತಿರುಗಿ, ಗೇರುಗಳ ಮೂಲಕ ಚಕ್ರಕ್ಕೆ ಬಲ ಕೊಡುತ್ತದೆ. ಒಳಗೆ ಗೇರುಗಳನ್ನು ಹಿಡಿಯುವ, ಬಿಡುವ ಬಿಲ್ಲೆಗಳನ್ನು ಒತ್ತುವುದೂ ಅದೇ ಎಣ್ಣೆ. ಮಾನವ ದೇಹಕ್ಕೆ ರಕ್ತವಿದ್ದಂತೆ ಆ ಪೆಟ್ಟಿಗೆಗೆ ಎಣ್ಣೆ. ಅದು ತೆಳ್ಳಗೆ ಹರಿದರೆ ಗಾಡಿ ಹೂವಿನಂತೆ ಸಾಗುತ್ತದೆ. ಚಳಿಗೆ ಮಂದವಾದರೆ ಗೇರು ತಡವಾಗಿ ಕಚ್ಚುತ್ತದೆ, ಕಚ್ಚುವಾಗ ಜಗ್ಗುತ್ತದೆ. ಅಂಥ ಹೊತ್ತಿನಲ್ಲಿ ವೇಗದ ಆಸೆಯಿಂದ ತುಳಿದರೆ ಒಳಗಿನ ಬಿಲ್ಲೆಗಳು ಸವೆದು ಪೆಟ್ಟಿಗೆಯೇ ಹಾಳಾದೀತು.

ಇನ್ನೊಂದು ಸೂಕ್ಷ್ಮವನ್ನೂ ಅವರು ಹೇಳಿಕೊಟ್ಟರು. ಗಾಡಿ ನಿಲ್ಲಿಸುವಾಗ ಕೋಲನ್ನು 'ಪಾರ್ಕ್' ಎಂಬ ಗುರುತಿಗೆ ತಂದರೆ ಚಕ್ರಗಳಿಗೆ ಬೀಗ ಬೀಳುತ್ತದೆ. ಕೆಲವು ಹಳೆಯ ಪೆಟ್ಟಿಗೆಗಳಲ್ಲಿ, ಕೋಲು ಪಾರ್ಕಿನಲ್ಲಿರುವಷ್ಟು ಹೊತ್ತೂ ಎಣ್ಣೆ ಆ ಫ್ಯಾನುಗಳ ಮೂಲಕ ಹರಿಯುವುದೇ ಇಲ್ಲ. ಎಂಜಿನ್ನು ಗಂಟೆಗಟ್ಟಲೆ ಗುರುಗುಟ್ಟಿದರೂ ಪೆಟ್ಟಿಗೆ ತಣ್ಣಗೇ ಕುಳಿತಿರುತ್ತದೆ. ಅದನ್ನು 'ನ್ಯೂಟ್ರಲ್'ಗೆ ತರಬೇಕು. ಆಗ ಬೀಗವೂ ಇಲ್ಲ, ಓಟವೂ ಇಲ್ಲ, ಎಣ್ಣೆ ಮಾತ್ರ ಸುತ್ತುತ್ತದೆ. ಆದರೆ ಬೀಗವಿಲ್ಲದ ಗಾಡಿ ಜಾರಿ ಹೊರಟುಬಿಡಬಹುದು. ಆದ್ದರಿಂದ ಕೈಬ್ರೇಕು ಎಳೆದು, ಬ್ರೇಕಿನ ಮೇಲೆ ಕಾಲಿಟ್ಟು, ಯಾರಾದರೊಬ್ಬರು ಒಳಗೆ ಕುಳಿತಿರಲೇಬೇಕು.

ಭಾವನವರು ಕತ್ತಲಲ್ಲಿ ಕುಳಿತಿರುತ್ತಿದ್ದ ರಹಸ್ಯ ಇಷ್ಟೇ.

"ಒಂದು ಗಂಟೆ ನಿಲ್ಲಿಸಿಯೇ ಪೂರ್ತಿ ಬಿಸಿ ಮಾಡಿಕೊಂಡರಾಗದೇ?" ಎಂದು ನಾನು ಕೇಳಿದ್ದಕ್ಕೆ ಅವರು ನಕ್ಕರು. ಡೀಸೆಲ್ ಎಂಜಿನ್ನು ಹೊರೆಯಿಲ್ಲದೆ ನಿಂತಿರುವಾಗ ಉರಿಸುವ ಎಣ್ಣೆಯೂ ಅಲ್ಪ, ಹುಟ್ಟಿಸುವ ಶಾಖವೂ ಅಲ್ಪ. ಹೆಚ್ಚು ಹೊತ್ತು ನಿಂತೇ ಉರಿದರೆ ಅರೆಬೆಂದ ಎಣ್ಣೆಯ ಮಸಿ ಒಳಗೆ ಕಟ್ಟಿಕೊಳ್ಳುತ್ತದೆ. ಎಂಜಿನ್ನು ಬಿಸಿಯಾದರೂ ಚಕ್ರದ ಬೇರಿಂಗು, ಹಿಂದಿನ ಅಚ್ಚಿನ ಎಣ್ಣೆ, ರಾತ್ರಿಯೆಲ್ಲ ನಿಂತು ಒಂದು ಕಡೆ ಚಪ್ಪಟೆಯಾದ ಟೈರು, ಇವು ನಿಂತಲ್ಲಿ ಬಿಸಿಯಾಗುವುದಿಲ್ಲ. "ನಿಂತು ಕಾಯುವುದು ಅರ್ಧ. ಇನ್ನರ್ಧ ನಡೆದೇ ಕಾಯಬೇಕು. ಆದರೆ ನಿಧಾನವಾಗಿ ನಡೆಯಬೇಕು" ಎಂದರು.

ಒಳಗೆ ಬಂದು ಈ ಎಲ್ಲವನ್ನೂ ತಾಯಿಗೆ ವರದಿ ಮಾಡಿದೆ. ಅವರು ಸೊಪ್ಪು ಬಿಡಿಸುತ್ತ ಕುಳಿತಿದ್ದರು. "ಹೂಂ" ಎಂದರು. ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ಹೀಗೆ ಡಿಸೆಂಬರ್ ಕಳೆಯಿತು. ಜನವರಿಯ ಎರಡನೆಯ ವಾರದಲ್ಲಿ ಉತ್ತರ ಧ್ರುವದ ಕಡೆಯಿಂದ ಶೀತ ಗಾಳಿ ಇಳಿದು ಆಲ್ಬರ್ಟಾ ಪ್ರಾಂತವೆಲ್ಲ ಮೈನಸ್ ನಲವತ್ತರ ಆಸುಪಾಸಿಗೆ ಬಂತು. ಅಕ್ಕನಿಗೆ ದಿನ ತುಂಬಿತ್ತು. ೨೦೨೪ರ ಜನವರಿ ೧೩, ಶನಿವಾರ ಸಂಜೆ, ಏಳು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಮನೆಯಲ್ಲಿದ್ದ ಎಲ್ಲ ಮೊಬೈಲುಗಳೂ ಒಮ್ಮೆಗೇ ಕಿರುಚಿಕೊಂಡವು. ತಾಯಿ ಬೆಚ್ಚಿ ಸೌಟು ಕೆಳಗೆ ಹಾಕಿದರು. ಅದು ಸರ್ಕಾರದ ತುರ್ತು ಎಚ್ಚರಿಕೆ. ಚಳಿಯಿಂದಾಗಿ ವಿದ್ಯುತ್ತಿನ ಬೇಡಿಕೆ ಮಿತಿಮೀರಿದೆ, ಜಾಲ ಕುಸಿಯುವ ಭಯವಿದೆ. ಅಗತ್ಯವಿಲ್ಲದ ದೀಪ ಆರಿಸಿ, ವಿದ್ಯುತ್ ಒಲೆ ಕಡಿಮೆ ಮಾಡಿ, ಗಾಡಿಗಳ ಬ್ಲಾಕ್ ಹೀಟರನ್ನು ಸಿಕ್ಕಿಸುವುದನ್ನು ಮುಂದೂಡಿ ಎಂಬುದು ಅದರ ಸಾರಾಂಶ.

ಭಾವನವರು ಎರಡು ದಿನ ಎರಡು ರಾತ್ರಿ ದೊಡ್ಡ ಲಾರಿ ಓಡಿಸಿ ಆಗತಾನೆ ಬಂದಿದ್ದರು. ಎದ್ದು ಹೊರಗೆ ಹೋಗಿ ಟ್ರಕ್ಕಿನ ಪ್ಲಗ್ಗನ್ನು ಕಿತ್ತು ಬಂದರು. ನಾನು ಕಿಟಕಿಯಲ್ಲಿ ನೋಡುತ್ತಿದ್ದೆ. ಬೀದಿಯ ಮನೆಗಳ ಹಬ್ಬದ ದೀಪಗಳು ಒಂದೊಂದಾಗಿ ಆರಿದವು. ಪ್ರಾಂತದ ಬೇಡಿಕೆ ಕೆಲವೇ ನಿಮಿಷಗಳಲ್ಲಿ ಸುಮಾರು ೨೦೦ ಮೆಗಾವಾಟಿನಷ್ಟು ಇಳಿಯಿತೆಂದೂ, ಯಾರ ಮನೆಯ ವಿದ್ಯುತ್ತನ್ನೂ ಸರದಿಯ ಮೇಲೆ ಕಡಿಯಬೇಕಾಗಲಿಲ್ಲವೆಂದೂ ಆಮೇಲೆ ತಿಳಿಯಿತು. ಲಕ್ಷಾಂತರ ಜನ, ಪರಸ್ಪರ ಮುಖ ಕಾಣದವರು, ಒಂದು ಮಾತಿಗೆ ತಮ್ಮ ತಮ್ಮ ಗುಂಡಿ ಒತ್ತಿದರು. ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆ ಎಂಬ ಶಬ್ದವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದನ್ನು ಕಣ್ಣಾರೆ ನೋಡಿದ್ದು ಆ ದಿನ.

ಭಾವನವರು ಮಲಗುವ ಮುನ್ನ ನನಗೆ ಹೇಳಿದರು: "ಎಚ್ಚರಿಕೆ ಹಿಂದಕ್ಕೆ ತೆಗೆದ ಸುದ್ದಿ ಬಂದರೆ ಮತ್ತೆ ಪ್ಲಗ್ಗು ಹಾಕಿಬಿಡು. ಇವತ್ತೋ ನಾಳೆಯೋ ಬೇಕಾದೀತು." "ಆಗಲಿ" ಎಂದೆ. ಎಚ್ಚರಿಕೆ ಆ ರಾತ್ರಿಯೇ ಹಿಂದಕ್ಕೆ ಹೋಯಿತು. ಆ ಸುದ್ದಿ ನನ್ನ ಮೊಬೈಲಿಗೂ ಬಂತು. ನಾನು ಹಾಸಿಗೆಯಲ್ಲಿ ಮುದುಡಿಕೊಂಡು, ಊರಿನ ಗೆಳೆಯರು ಕಳಿಸಿದ ಸಂಕ್ರಾಂತಿಯ ಚಿತ್ರಗಳನ್ನು ನೋಡುತ್ತಿದ್ದೆ. ಇನ್ನೈದು ನಿಮಿಷ ಬಿಟ್ಟು ಏಳೋಣವೆಂದುಕೊಂಡೆ. ಹಾಗೆಯೇ ನಿದ್ದೆ ಹೋದೆ.

ಬೆಳಗಿನ ಜಾವ ಎರಡು ಗಂಟೆಗೆ ತಾಯಿ ಎಬ್ಬಿಸಿದರು. ಅಕ್ಕನಿಗೆ ನೋವು ಆರಂಭವಾಗಿತ್ತು.

ನನಗೆ ಮೊದಲು ನೆನಪಾದದ್ದು ಪ್ಲಗ್ಗು. ಹೊರಗೆ ಓಡಿದೆ. ಭಾವನವರು ಆಗಲೇ ಅಲ್ಲಿದ್ದರು. ಹಿಮದ ಮೇಲೆ ಬಿದ್ದಿದ್ದ ತಂತಿ ಬೆತ್ತದಂತೆ ಸೆಟೆದಿತ್ತು. ಅವರು ಅದನ್ನು ಎತ್ತಿ ಸಿಕ್ಕಿಸಿದರು. ನನ್ನನ್ನು ಒಮ್ಮೆ ನೋಡಿದರು. ಏನೂ ಹೇಳಲಿಲ್ಲ.

ಒಳಗೆ ಬಂದು ಅಕ್ಕನಿಗೆ, "ಗಾಡಿ ತಣ್ಣಗಿದೆ. ನನ್ನದೇ ತಪ್ಪು. ಒಂದು ಗಂಟೆ ಬೇಕು" ಎಂದರು.

ಅಕ್ಕ ಸ್ವತಃ ದಾದಿ. ನೋವು ಇನ್ನೂ ಹತ್ತು ನಿಮಿಷಕ್ಕೊಮ್ಮೆ ಬರುತ್ತಿದೆ, ಚೊಚ್ಚಲು, ಅವಸರವಿಲ್ಲವೆಂದಳು. ಆಸ್ಪತ್ರೆಗೆ ಫೋನು ಮಾಡಿದಾಗ ಐದು ನಿಮಿಷಕ್ಕೊಮ್ಮೆ ಆದಾಗ ಬನ್ನಿ ಎಂದರು. ಗಾಡಿ ಏಳದಿದ್ದರೆ ಆಂಬುಲೆನ್ಸು ಕರೆಯುವುದೆಂದು ನಿಶ್ಚಯವಾಯಿತು. ಲೆಕ್ಕಕ್ಕೆ ಎಲ್ಲವೂ ಸರಿಯೇ. ಆದರೆ ಹೆತ್ತ ತಾಯಿಗೆ ಈ ಲೆಕ್ಕ ಎಲ್ಲಿ ರುಚಿಸೀತು? ಅಕ್ಕ ಒಮ್ಮೊಮ್ಮೆ ಹಲ್ಲು ಕಚ್ಚಿ ಗೋಡೆ ಹಿಡಿದುಕೊಳ್ಳುವಳು. ಅಳಿಯ ಗಡಿಯಾರ ನೋಡುತ್ತ ನಿಂತಿರುವನು. ನಾಲ್ಕು ವರ್ಷ ಕಟ್ಟಿಟ್ಟಿದ್ದೆಲ್ಲ ತಾಯಿಯ ಬಾಯಿಂದ ಕನ್ನಡದಲ್ಲಿ ಹೊರಟಿತು. "ಹೆಂಡ್ತೀಗೆ ದಿನ ತುಂಬಿರೋವಾಗ ಒಂದು ಗಾಡಿ ಸಿದ್ಧ ಇಟ್ಕೊಳಕ್ಕಾಗಲ್ಲ ಇವನಿಗೆ! ಇಂಥೋನ ಕೈಗೆ ಬಿದ್ದಳಲ್ಲ ನನ್ನ ಮಗಳು!" ಎಂದರು. ಭಾವನವರಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ತಲೆ ತಗ್ಗಿಸಿ, "ಸಾರಿ, ಅಮ್ಮಾ" ಎಂದರು.

ನಾನು ಅಲ್ಲಿಯೇ ನಿಂತಿದ್ದೆ. ನಾನು ದ್ವಿಭಾಷಿಯಾಗಿ ಬಂದವನು. ಆ ಗಳಿಗೆಯಲ್ಲಿ ಹೇಳಬೇಕಾದ ಒಂದೇ ಒಂದು ವಾಕ್ಯ ನನ್ನ ಬಾಯಿಂದ ಬರಲಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ನಾನು ಆ ಮನೆಯಲ್ಲಿ ನೀರು ಕಾಯಿಸಿದೆ, ಬಟ್ಟೆ ಕಟ್ಟಿದೆ, ಬೂಟು ಹುಡುಕಿಕೊಟ್ಟೆ. ಅದೊಂದನ್ನು ಮಾತ್ರ ಹೇಳಲಿಲ್ಲ.

ಮೂರೂಕಾಲಕ್ಕೆ ಭಾವನವರು ಕೀಲಿ ಹಾಕಿದರು. ಒಳಹೋಗುವ ಗಾಳಿಯನ್ನು ಕಾಯಿಸುವ ಸುರುಳಿಯ ದೀಪ ಹೊತ್ತಿತು. ಅದು ಆರುವವರೆಗೆ ಕಾದರು. ತಿರುವಿದರು. ಎಂಜಿನ್ನು ಮುದುಕನಂತೆ ಒಂದು ಸಲ ನರಳಿತು, ಎರಡು ಸಲ ನರಳಿತು. ಬಿಟ್ಟರು. ಮತ್ತೆ ದೀಪ, ಮತ್ತೆ ಕಾಯುವಿಕೆ. ಎರಡನೆಯ ಸಲ ತಿರುವಿದಾಗ ಒಂದು ಮೂಲೆ ಹೊತ್ತಿತು, ಇನ್ನೊಂದು ಹೊತ್ತಿತು, ಟ್ರಕ್ಕಿಗೆ ಟ್ರಕ್ಕೇ ಅಲುಗಾಡಿ ಬಿಳಿಯ ಹೊಗೆ ಎದ್ದು ಬೀದಿಯ ದೀಪವನ್ನು ಮುಚ್ಚಿತು. ಆ ಸದ್ದಿನಷ್ಟು ಇಂಪಾದ ಸಂಗೀತವನ್ನು ನಾನು ಕೇಳಿಲ್ಲ. ಕೋಲನ್ನು ನ್ಯೂಟ್ರಲ್ಲಿಗೆ ತಂದು ಹತ್ತು ನಿಮಿಷ ಕುಳಿತರು. ಆಮೇಲೆ ಅಕ್ಕನನ್ನೂ ತಾಯಿಯನ್ನೂ ಹಿಂದಿನ ಆಸನದಲ್ಲಿ ಕೂರಿಸಿದೆವು. ನಾನು ಮುಂದೆ ಕುಳಿತೆ.

ಗೇರಿಗೆ ಹಾಕಿದರೆ ಗಾಡಿ ಎರಡು ಕ್ಷಣ ಏನೂ ಆಗದಂತೆ ನಿಂತಿದ್ದು, ಆಮೇಲೆ ಜಗ್ಗಿ ಹೊರಟಿತು. ಚಪ್ಪಟೆಯಾದ ಟೈರುಗಳು ಧಬ್ ಧಬ್ಬೆಂದು ಬಡಿದವು. ಆಸ್ಪತ್ರೆ ಎಂಟು ಕಿಲೋಮೀಟರು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಭಾವನವರು ಎತ್ತಿನ ಗಾಡಿಯ ವೇಗದಲ್ಲಿ ಹೋಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಬೇಗ, ಭಾವ, ಬೇಗ" ಎಂದೆ. ಅವರು ಉತ್ತರ ಕೊಡಲಿಲ್ಲ.

ಹಿಂದಿನಿಂದ ತಾಯಿ, "ಅವನಿಗೇನು ಅವಸರ! ಅವಸರ ಇದ್ದಿದ್ರೆ ನೆನಪಿಡ್ತಿದ್ದ" ಎಂದರು.

ಆಗ ನನ್ನ ಬಾಯಿ ಬಿಟ್ಟಿತು. "ಅಮ್ಮಾ, ಮರೆತದ್ದು ಅವರಲ್ಲ. ನನಗೆ ಹೇಳಿ ಮಲಗಿದ್ದರು. ಮರೆತವನು ನಾನು" ಎಂದೆ.

ಯಾರೂ ಮಾತಾಡಲಿಲ್ಲ. ಗಾಡಿ ಒಂದು ಬೀದಿ ದಾಟಿತು. ಅಕ್ಕನಿಗೆ ಒಂದು ನೋವು ಬಂದು ಹೋಯಿತು. ನದಿಯ ಸೇತುವೆ ಬಂತು. ಕೆಳಗೆ ಉತ್ತರ ಸಸ್ಕ್ಯಾಚೆವಾನ್ ನದಿ ಹೆಪ್ಪುಗಟ್ಟಿ ಬಿಳಿಯ ರಸ್ತೆಯಂತೆ ಬಿದ್ದಿತ್ತು. ನಾನು ಹೆದರಿ ಹಿಂದಕ್ಕೆ ತಿರುಗಿ ನೋಡಲಿಲ್ಲ. ನನ್ನ ಅಪರಾಧ ಒಪ್ಪಿಕೊಂಡ ಮೇಲೂ ಅವಸರ ಹೋಗಿರಲಿಲ್ಲ. ಮತ್ತೆ "ಸ್ವಲ್ಪ ಬೇಗ" ಎಂದು ಶುರುಮಾಡಿದೆ.

"ಸುಮ್ನಿರೋ" ಎಂದರು ತಾಯಿ. "ಚಳೀಲಿ ಎದ್ದ ಎತ್ತಿಗೆ ಒಂದೇ ಸಲ ನೊಗ ಹೊರಿಸ್ತಾರಾ? ಕೆರೆ ತನಕ ಬರಿ ಮೈಯಲ್ಲಿ ನಡೆಸ್ಕೊಂಡು ಬಂದು ಆಮೇಲೆ ಹೂಡೋದು. ನಿಮ್ಮಪ್ಪ ಮಾಡೋದು ಇಷ್ಟು ದಿನ ನೋಡಿಲ್ವಾ ನೀನು? ಈ ಗಾಡಿ ಇನ್ನೂ ಮೈ ಬಿಸಿ ಮಾಡ್ಕೊಳ್ತಾ ಇದೆ."

ಸೊಪ್ಪು ಬಿಡಿಸುತ್ತ "ಹೂಂ" ಎಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಷ್ಟೇ ಅಲ್ಲ, ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು. ಎರಡು ಫ್ಯಾನಿನ ದೃಷ್ಟಾಂತ ಅವರಿಗೆ ಬೇಕಾಗಿರಲಿಲ್ಲ.

ಆಮೇಲೆ ಅವರು ಮುಂದಕ್ಕೆ ಬಾಗಿದರು. ಭಾವನವರ ಹೆಗಲನ್ನು ಬೆರಳ ತುದಿಯಿಂದ ಮುಟ್ಟಿದರು. "ನಿಧಾನವಾಗೇ ಹೋಗಪ್ಪಾ. ಏನೂ ಆಗಲ್ಲ" ಎಂದರು.

ಅಕ್ಕ ಆ ನೋವಿನಲ್ಲೂ ಅದನ್ನು ಇಂಗ್ಲಿಷಿಗೆ ತಿರುಗಿಸ ಹೊರಟಳು. ಭಾವನವರು ಬೇಡವೆಂದು ಕೈಯಾಡಿಸಿದರು. ಸೇತುವೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ, ಅಷ್ಟು ಹೊತ್ತು ಕೆಳಗಿನ ಗೇರಿನಲ್ಲೇ ಒದ್ದಾಡುತ್ತಿದ್ದ ಗಾಡಿ, ಯಾರೂ ಹೇಳದೆ ಮೇಲಿನ ಗೇರಿಗೆ ಮೆತ್ತಗೆ ಜಾರಿಕೊಂಡಿತು. ಟೈರಿನ ಬಡಿತ ನಿಂತುಹೋಗಿತ್ತು.

ಮಗು ಹುಟ್ಟಿದ್ದು ಸೂರ್ಯ ಹುಟ್ಟುವ ಹೊತ್ತಿಗೆ. ಹೆಣ್ಣು. ತಾಯಿ ಮಗು ಇಬ್ಬರೂ ಕ್ಷೇಮ. ಸಂಕ್ರಾಂತಿಗೆ ಹಿಂದಿನ ರಾತ್ರಿ ಪಂಜಾಬಿಗಳಿಗೆ ಲೋಹ್ರಿ ಹಬ್ಬ. ಬೆಂಕಿ ಹಾಕಿ ಎಳ್ಳು ಬೆಲ್ಲದ ತಿನಿಸು ಹಂಚುತ್ತಾರೆ. ಮನೆಯಲ್ಲಿ ಹೊಸ ಮಗು ಹುಟ್ಟಿದ ವರ್ಷ ಅದಕ್ಕೆ ವಿಶೇಷ ಸಡಗರ. ಸಂಜೆ ಭಾವನವರ ಸ್ನೇಹಿತರೊಬ್ಬರು ಎಳ್ಳಿನ ರೇವಡಿಯನ್ನು ಆಸ್ಪತ್ರೆಗೆ ತಂದರು. ತಾಯಿ ತಮ್ಮ ಚೀಲದಿಂದ ಊರಿನಿಂದ ತಂದಿದ್ದ ಎಳ್ಳುಬೆಲ್ಲದ ಪೊಟ್ಟಣ ಬಿಚ್ಚಿದರು. ಎರಡನ್ನೂ ನೋಡಿ, "ಅಯ್ಯೋ, ಇವರದೂ ಇದೇನಾ!" ಎಂದರು. ನಾಲ್ಕು ವರ್ಷ ಕೇಳಿ ತಿಳಿಯಬಹುದಾಗಿದ್ದ ಸಂಗತಿ.

ಪ್ಲಗ್ಗಿನ ವಿಷಯವನ್ನು ಭಾವನವರು ಇಂದಿನವರೆಗೂ ಎತ್ತಿಲ್ಲ. "ನನ್ನದೇ ತಪ್ಪು" ಎಂದು ಯಾಕೆ ಹೇಳಿದಿರಿ ಎಂದು ನಾನೇ ಒಮ್ಮೆ ಕೇಳಿದೆ. "ಆ ಹೊತ್ತಿನಲ್ಲಿ ಯಾರ ತಪ್ಪು ಎಂದು ಹುಡುಕಿದ್ದರೆ ಗಾಡಿ ಬೇಗ ಬಿಸಿಯಾಗುತ್ತಿತ್ತೇ?" ಎಂದರು. ನಾನು ಉತ್ತರ ಹೇಳಲಿಲ್ಲ. ತಾಯಿಯ ಮುಂದೆ ನಾನು ಬಾಯಿಬಿಡಲು ಒಂದು ಗಂಟೆಗೂ ಹೆಚ್ಚು ಹಿಡಿಯಿತಲ್ಲ, ಅದೂ ಗಾಡಿ ನಡೆಯತೊಡಗಿದ ಮೇಲೆಯೇ ಆದದ್ದು ಎಂಬುದು ನನಗೆ ಮಾತ್ರ ಗೊತ್ತು.

ಉಳಿದ ದಿನಗಳಲ್ಲಿ ಒಂದು ವಾಡಿಕೆ ಬೆಳೆಯಿತು. ಬೆಳಗ್ಗೆ ಆರಕ್ಕೆ ಭಾವನವರು ಟ್ರಕ್ಕಿನಲ್ಲಿ ಹೋಗಿ ಕುಳಿತರೆ, ತಾಯಿ ಒಂದು ಲೋಟ ಕಾಫಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಯಲ್ಲಿ ಕಳಿಸುವರು. ಫೆಬ್ರವರಿಯ ಹೊತ್ತಿಗೆ ತಾವೇ ಕೋಟು ಹಾಕಿಕೊಂಡು ಹೋಗಿ, ಪಕ್ಕದ ಆಸನದಲ್ಲಿ ಕುಳಿತು, ಲೋಟ ಬರಿದಾಗುವವರೆಗೆ ಇದ್ದು ಬರುತ್ತಿದ್ದರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರ ಭಾಷೆ ಬಾರದು. ಏನು ಮಾತಾಡಿಕೊಳ್ಳುತ್ತಿದ್ದರೋ ನನಗೆ ತಿಳಿಯದು. ದ್ವಿಭಾಷಿಯನ್ನು ಯಾರೂ ಕರೆಯಲಿಲ್ಲ.

ಈಗ ನಾವು ಊರಿಗೆ ಬಂದು ಬಹಳ ದಿನಗಳಾದುವು. ನಮಗೆ ಸಂಜೆಯಾದಾಗ ಅವರಿಗೆ ಬೆಳಗು. ಅಕ್ಕನೊಡನೆ, ಮಗುವಿನೊಡನೆ ಮಾತಾಡಿ ಮುಗಿಸಿದ ಮೇಲೆ ತಾಯಿ, "ಎಲ್ಲಿ, ಅವನ ಕೈಗೆ ಕೊಡು" ಎನ್ನುತ್ತಾರೆ. ಒಲೆಯ ಮೇಲೆ ಹಾಲು ನಿಜವಾಗಿ ಉಕ್ಕಿದರೂ ಏಳುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ಹಿಮವಿಲ್ಲ, ಗಾಡಿ ಕಾಯಿಸುವ ಪ್ರಮೇಯವೂ ಇಲ್ಲವೆಂದು ನಾನು ಎಷ್ಟು ಸಲ ಹೇಳಿದ್ದರೂ, ಅವರು ಕೇಳುವ ಮೊದಲ ಮಾತು ಯಾವಾಗಲೂ ಒಂದೇ:

"ಗಾಡಿ ಬಿಸಿ ಆಯ್ತೇನಪ್ಪಾ?"

ಅದಕ್ಕೆ ಭಾವನವರು ಕಲಿತಿಟ್ಟುಕೊಂಡಿರುವ ಉತ್ತರವೂ ಒಂದೇ:

"ಆಯ್ತಮ್ಮಾ."